ಬೇಕು ಅಂತ ಇದೆ, ಅಷ್ಟೇ

ನನಗೆ ಈಜು ಕಲಿಯಬೇಕು ಅಂತ ಹನ್ನೆರಡು ವರ್ಷಗಳಿಂದ ಇದೆ. ಇದನ್ನು ಎಷ್ಟು ಜನರ ಹತ್ತಿರ ಎಷ್ಟು ಸಲ ಹೇಳಿಕೊಂಡಿದ್ದೇನೆ ಅಂದರೆ, ಕೆಲವರು ನನಗೆ ಆಗಲೇ ಈಜು ಬರುತ್ತದೆ ಅಂತ ನಂಬಿಬಿಟ್ಟಿದ್ದಾರೆ. ಹೋದ ತಿಂಗಳು ಗೆಳೆಯನೊಬ್ಬ ಫೋನ್ ಮಾಡಿದ. "ನಿಮ್ಮನೆ ಹತ್ತಿರಾನೇ ಈಜುಕೊಳ ಶುರುವಾಗಿದೆ ಕಣೋ, ನಾಳೆ ಬೆಳಿಗ್ಗೆ ಆರಕ್ಕೆ ನಾನು ಹೋಗ್ತಿದ್ದೀನಿ, ನೀನೂ ಬಾ" ಅಂದ. ನಾಳೆ ಸ್ವಲ್ಪ ಕಷ್ಟ ಅಂದೆ. "ಹಾಗಾದ್ರೆ ನಾಡಿದ್ದು?" ನೋಡೋಣ ಅಂದೆ. ಫೋನ್ ಇಟ್ಟ ಮೇಲೆ ಯೋಚಿಸಿದರೆ ನಾಳೆಯೂ ನನಗೆ ಕೆಲಸ ಇರಲಿಲ್ಲ, ನಾಡಿದ್ದೂ ಇರಲಿಲ್ಲ. ಸುಮ್ನೆ ಬಾಯಿಗೆ ಬಂದ ಮಾತು.

ಅದೇ ವಾರ ಇಂಗ್ಲಿಷ್ ನಿಘಂಟಿನಲ್ಲಿ 'ವೆಲಮ್' ಅನ್ನೋ ಪದ ಹುಡುಕುತ್ತಿದ್ದೆ. ಕರುವಿನ ಚರ್ಮವನ್ನು ಹದ ಮಾಡಿ ಬರೆಯಲು ಬಳಸುತ್ತಿದ್ದರಲ್ಲ, ಆ ಹಾಳೆ. ಕಾಗದದ ನಿಘಂಟಿನ ಸುಖ ಇದು: ಹುಡುಕಿದ್ದು ಸಿಗುವ ಮೊದಲು ಅದರ ನೆರೆಹೊರೆಯವರೆಲ್ಲ ಸಿಗುತ್ತಾರೆ. ವೆಲಮ್‌ಗೆ ಸ್ವಲ್ಪ ಮೇಲೆ ಒಂದು ಪದ ಕೂತಿತ್ತು. ವಿ, ಇ, ಎರಡು ಎಲ್, ಮತ್ತೆ ಇ, ಆಮೇಲೆ ಐ, ಟಿ, ವೈ. ವೆಲೀಯಿಟಿ. 'ಲೀ' ಮೇಲೆ ಒತ್ತು ಕೊಟ್ಟು ಹೇಳಬೇಕು. ಅರ್ಥ ಹೀಗಿತ್ತು: ಕೆಲಸಕ್ಕೆ ಇಳಿಸುವಷ್ಟು ಬಲವಿಲ್ಲದ ಆಸೆ.

ಯಾರೋ ಹಿಂದಿನಿಂದ ಬಂದು ಭುಜ ತಟ್ಟಿದ ಹಾಗಾಯಿತು. ವೆಲಮ್ ಅಲ್ಲೇ ಉಳಿಯಿತು.

ಇಂಗ್ಲಿಷ್‌ನಲ್ಲಿ ಇದು ಅಷ್ಟೇನೂ ಚಲಾವಣೆಯಲ್ಲಿರುವ ಪದ ಅಲ್ಲ. ಮಾತಿನಲ್ಲಿ ಬಳಸಿದರೆ ಎದುರಿಗಿದ್ದವರು ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ಬರಹದಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ 'ಬರೀ' ಅನ್ನೋ ಅರ್ಥದ ಒಂದು ವಿಶೇಷಣವನ್ನು ಹಿಂದೆ ಅಂಟಿಸಿಕೊಂಡು: ಅದು ಸಂಕಲ್ಪವಲ್ಲ, ಬರೀ ವೆಲೀಯಿಟಿ. ಕವಿ ಟಿ. ಎಸ್. ಎಲಿಯಟ್ 1915ರಲ್ಲಿ ಅಚ್ಚಾದ ಒಂದು ಕವಿತೆಯಲ್ಲಿ ಇದರ ಬಹುವಚನವನ್ನು ಬಳಸಿದ್ದಾನೆ. ಒಂದು ಕೋಣೆ, ಹರಟೆ, ಆ ಹರಟೆಯ ನಡುವೆ ಓಡಾಡುವ ಅರೆಬರೆ ಆಸೆಗಳು ಮತ್ತು ಜೋಪಾನವಾಗಿ ಹಿಡಿದ ವಿಷಾದಗಳು. ಬಹುವಚನವೇ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ ಅನ್ನೋದು ನನ್ನ ಅನಿಸಿಕೆ. ಇಂಥವು ಒಂಟಿಯಾಗಿ ಇರುವುದಿಲ್ಲ, ಹಿಂಡಾಗಿ ಇರುತ್ತವೆ. ನನ್ನ ಫೋನಿನಲ್ಲಿ 'ಒಂದು ದಿನ' ಅಂತ ಹೆಸರಿಟ್ಟ ಪಟ್ಟಿಯೊಂದಿದೆ, ಅದರಲ್ಲಿ ಈಜಿನ ಜೊತೆ ನಕ್ಷತ್ರ ಗುರುತಿಸುವುದು, ಎಡಗೈಯಲ್ಲಿ ಬರೆಯುವುದು, ರಷ್ಯನ್ ಲಿಪಿ ಕಲಿಯುವುದು ಎಲ್ಲ ಇವೆ. ಎಡಗೈ ಯಾಕೆ ಅಂತ ಈಗ ನನಗೇ ನೆನಪಿಲ್ಲ.

ಪದದ ಹುಟ್ಟಿನ ಕಡೆ ಹೋದರೆ ಮಜಾ ಇದೆ. ಲ್ಯಾಟಿನ್‌ನಲ್ಲಿ 'ವೆಲ್ಲೆ' ಅಂದರೆ ಬಯಸು. ಅದರಿಂದ ಮಧ್ಯಯುಗದ ಪಂಡಿತರು 'ವೆಲ್ಲೇಯಿತಾಸ್' ಅಂತ ಮಾಡಿಕೊಂಡರು, 17ನೇ ಶತಮಾನದ ಶುರುವಿನಲ್ಲಿ ಅದು ಇಂಗ್ಲಿಷ್‌ಗೆ ಬಂತು. ಸ್ವಇಚ್ಛೆಯಿಂದ ಮಾಡುವ ಸೇವೆಗೆ ನಾವೂ 'ವಾಲಂಟರಿ' ಅನ್ನುತ್ತೇವಲ್ಲ, ಅದೂ ಇದೇ ಬೇರಿನದು. ಇಂಗ್ಲಿಷ್‌ನ 'ವಿಲ್' ಕೂಡ ಇದರ ದೂರದ ನೆಂಟ. ಆ ಬೇರು ಇನ್ನೂ ಹಿಂದಕ್ಕೆ ಹೋಗಿ ಸಂಸ್ಕೃತದ 'ವೃ' ಧಾತುವಿಗೆ ತಾಗುತ್ತದೆ. ವೃ ಅಂದರೆ ಆರಿಸು, ಕೋರು. ಅದರಿಂದ ಬಂದಿದ್ದು ನಮ್ಮ 'ವರ'. ದೇವರು ಕೊಡುವ ವರವೂ ಅದೇ, ಮದುವೆಯ ವರನೂ ಅದೇ, ಸ್ವಯಂವರವೂ ಅದೇ.

ಈ ನೆಂಟಸ್ತಿಕೆ ನನಗೆ ಬಹಳ ಹಿಡಿಸಿತು. ಒಂದೇ ಬೇರು. ಒಂದು ಕಡೆ ಅದು ವರವಾಗಿ ಬೆಳೆಯಿತು: ವರ್ಷಗಟ್ಟಲೆ ಒಂಟಿ ಕಾಲಲ್ಲಿ ನಿಂತು ತಪಸ್ಸು ಮಾಡಿ, ಮೈ ಮೇಲೆ ಹುತ್ತ ಬೆಳೆಸಿಕೊಂಡು, ಕೊನೆಗೆ ಬಾಯಿಬಿಟ್ಟು ಕೇಳಿ ಪಡೆಯುವಂಥದ್ದು. ಇನ್ನೊಂದು ಕಡೆ ಅದೇ ಬೇರು ನನ್ನ ಈಜಿನ ಆಸೆಯಾಯಿತು, ಬೆಳಿಗ್ಗೆ ಆರಕ್ಕೆ ಏಳಲಾರದಂಥದ್ದು.

ಇದನ್ನು ಸೋಮಾರಿತನ ಅಂತ ಹೇಳಿ ಮುಗಿಸಬಹುದು, ಆದರೆ ಅದು ಸರಿ ಹೊಂದುವುದಿಲ್ಲ. ಸೋಮಾರಿ ಮಾಡಲೇಬೇಕಾದ್ದನ್ನು ಮಾಡುವುದಿಲ್ಲ. ಕೆಲಸ ಮುಂದೂಡುವವನದು ಇನ್ನೊಂದು ಥರ. ಅದಕ್ಕಿರುವ ಇಂಗ್ಲಿಷ್ ಪದದ ಹೊಟ್ಟೆಯಲ್ಲಿ 'ನಾಳೆ' ಅನ್ನೋ ಲ್ಯಾಟಿನ್ ಪದವೇ ಇದೆ. ಅಂದರೆ ಅವನು ಮಾಡುವುದು ಅಂತ ತೀರ್ಮಾನಿಸಿದ್ದಾನೆ, ದಿನ ಮಾತ್ರ ಸರಿಯುತ್ತಾ ಹೋಗುತ್ತದೆ, ಹಾಗಾಗಿ ಅವನಿಗೆ ರಾತ್ರಿ ಕಸಿವಿಸಿ ಇರುತ್ತದೆ. ಆರಂಭಶೂರ ಅಂತೀವಲ್ಲ, ಅವನು ಕೊನೇಪಕ್ಷ ಶುರುವಾದರೂ ಮಾಡುತ್ತಾನೆ. ಗೀಳು ಹತ್ತಿದವನಂತೂ ಅರ್ಧ ರಾತ್ರಿಯಲ್ಲಿ ಎದ್ದು ಹೊರಟುಬಿಡುತ್ತಾನೆ. ವೆಲೀಯಿಟಿ ಇರುವವನಿಗೆ ಇದ್ಯಾವುದೂ ಇಲ್ಲ. ಈಜು ಕಲಿಯಲಿಲ್ಲ ಅಂತ ನಾನು ಒಂದು ರಾತ್ರಿಯೂ ನಿದ್ದೆ ಕೆಟ್ಟಿಲ್ಲ.

ಮನಸ್ಸಿನಲ್ಲೇ ಮಂಡಿಗೆ ತಿನ್ನೋದು ಅನ್ನೋ ಗಾದೆಯೂ ನೆನಪಾಯಿತು. ಮೊದಲು ಇದೇ ಇರಬಹುದು ಅಂದುಕೊಂಡೆ. ಅಲ್ಲ. ಮನಸ್ಸಿನಲ್ಲಿ ಮಂಡಿಗೆ ತಿನ್ನುವವನಿಗೆ ಒಂದು ಸುಖವಾದರೂ ಇದೆ, ಅವನು ಪದರ ಪದರವಾಗಿ ಮುರಿದು, ಸಕ್ಕರೆ ಉದುರಿಸಿಕೊಂಡು ತಿನ್ನುತ್ತಾನೆ. ಆ ಸುಖಕ್ಕೂ ಬೆಲೆ ತೆರಬೇಕು ಅನ್ನಿ. 1991ರಲ್ಲಿ ಗೇಬ್ರಿಯೆಲ್ ಓಟಿಂಗನ್ ಮತ್ತು ಥಾಮಸ್ ವಾಡನ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ತೂಕ ಇಳಿಸಿಕೊಳ್ಳಲು ಸೇರಿದ್ದ ಮಹಿಳೆಯರನ್ನು ಗಮನಿಸಿ ಒಂದು ಅಧ್ಯಯನ ಪ್ರಕಟಿಸಿದರು. ತೆಳ್ಳಗಾದ ತಮ್ಮನ್ನು ಬಹಳ ಚೆಂದವಾಗಿ ಕಲ್ಪಿಸಿಕೊಂಡವರ ತೂಕ ಇಳಿದದ್ದು ಕಡಿಮೆ. ಇಳಿಸಬಲ್ಲೆ ಅಂತ ನಿರೀಕ್ಷೆ ಇಟ್ಟುಕೊಂಡವರದು ಜಾಸ್ತಿ ಇಳಿದಿತ್ತು. ಮಂಡಿಗೆ ತಿಂದವರಿಗೆ ಹೊಟ್ಟೆ ತುಂಬಿಬಿಟ್ಟಿತ್ತು ಅಂತ ಕಾಣುತ್ತದೆ. ನಾನೋ, ನೀರಿನಲ್ಲಿ ಮೀನಿನಂತೆ ಸಾಗುವ ನನ್ನನ್ನು ಒಮ್ಮೆಯೂ ಕಲ್ಪಿಸಿಕೊಂಡವನಲ್ಲ. ಯಾವ ಥರದ ಈಜು ಕಲೀಬೇಕು ಅಂತಿದೀಯ ಅಂತ ಗೆಳೆಯ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಥರಗಳೂ ಇವೆಯಾ ಅಂದುಕೊಂಡೆ.

ಇದನ್ನು ಅತ್ಯಂತ ಖಾರವಾಗಿ, ಆದರೆ ಸರಿಯಾಗಿ ಹೇಳಿದವನು ತತ್ವಜ್ಞಾನಿ ಜಾನ್ ಲಾಕ್. 1690ರಲ್ಲಿ ಬಂದ, ಮನುಷ್ಯನ ತಿಳಿವಳಿಕೆ ಹೇಗೆ ಕೆಲಸ ಮಾಡುತ್ತದೆ ಅನ್ನೋ ಬಗೆಗಿನ ದೊಡ್ಡ ಪ್ರಬಂಧದಲ್ಲಿ ಅವನು ಆಸೆಯ ಬಗ್ಗೆ ಬರೆಯುತ್ತಾ ಈ ಪದಕ್ಕೆ ಬರುತ್ತಾನೆ. ಲಾಕ್ ಪ್ರಕಾರ ಮನುಷ್ಯನನ್ನು ಕೆಲಸಕ್ಕೆ ಎಬ್ಬಿಸುವುದು ವಸ್ತುವಿನ ಒಳ್ಳೆಯತನ ಅಲ್ಲ, ಅದು ಇಲ್ಲದಿರುವಾಗ ಆಗುವ ಚಡಪಡಿಕೆ. ಒಂದು ವಸ್ತು ಎಷ್ಟೇ ಒಳ್ಳೆಯದಿರಲಿ, ಅದು ಇಲ್ಲದಿದ್ದರೂ ನೀವು ಹಾಯಾಗಿದ್ದರೆ ನೀವು ಅದನ್ನು ಬಯಸುತ್ತಿಲ್ಲ, ಅದಕ್ಕಾಗಿ ಕೈಕಾಲು ಆಡಿಸುವುದೂ ಇಲ್ಲ. ಅಂಥ ಕಡೆ ಉಳಿಯುವುದು ಬರೀ ವೆಲೀಯಿಟಿ, ಆಸೆಯ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಇಲ್ಲದ್ದಕ್ಕೆ ಪಕ್ಕದ್ದು.

ಲಾಕ್‌ನ ಅಳತೆಗೋಲು ಹಿಡಿದು ನನ್ನ 'ಒಂದು ದಿನ' ಪಟ್ಟಿಯನ್ನು ಅಳೆದೆ. ಒಂದೊಂದರ ಮುಂದೆಯೂ ಕೇಳಿಕೊಂಡೆ: ಇದು ಇಲ್ಲ ಅಂತ ಯಾವತ್ತಾದರೂ ಚುಚ್ಚಿದೆಯಾ? ಎಡಗೈ, ಇಲ್ಲ. ರಷ್ಯನ್ ಲಿಪಿ, ಇಲ್ಲ. ನಕ್ಷತ್ರ, ಒಂದೆರಡು ಸಲ, ಕರೆಂಟು ಹೋದ ರಾತ್ರಿಗಳಲ್ಲಿ. ಈಜು, ಇಲ್ಲ. ಹನ್ನೆರಡು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದು ಸುಮ್ನೆ ದಂಡ ಅಲ್ವಾ ಅನ್ನಿಸಿತು. ಸಂಕಲ್ಪ ಇಟ್ಟುಕೊಂಡು ಸೋತವನು ಅಂತ ನನ್ನ ಬಗ್ಗೆ ನಾನೇ ಕಥೆ ಕಟ್ಟಿಕೊಂಡಿದ್ದೆ. ಸಂಕಲ್ಪ ಇರಲೇ ಇಲ್ಲ. ಮನಸ್ಸಿದ್ದರೆ ಮಾರ್ಗ ಅನ್ನೋ ಗಾದೆಯನ್ನು ನನ್ನ ತಲೆಗೆ ಕುಟ್ಟಿದವರಿಗೆ ಹೇಳಬಹುದಾದ ಉತ್ತರ ಕೊನೆಗೂ ಸಿಕ್ಕಿತು: ಮಾರ್ಗ ಇತ್ತು ಸ್ವಾಮೀ, ಮನೆ ಹತ್ತಿರಾನೇ ಇತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಹಗುರವಾದ ಬರಹ ಆಗುತ್ತಿತ್ತು. ಆದರೆ ಪದದ ಹಿಂದೆ ಬಿದ್ದು ಇನ್ನೂ ನಾಲ್ಕು ಶತಮಾನ ಹಿಂದಕ್ಕೆ ಹೋದೆ. ಅಲ್ಲಿ ಇದಕ್ಕೆ ಇದ್ದ ಅರ್ಥವೇ ಬೇರೆ.

13ನೇ ಶತಮಾನದ ಥಾಮಸ್ ಅಕ್ವೈನಸ್ ಕ್ರೈಸ್ತ ತತ್ವಶಾಸ್ತ್ರದ ದೊಡ್ಡ ಹೆಸರು. ದೇವರ ಇಚ್ಛೆ, ಮನುಷ್ಯನ ಇಚ್ಛೆ ಅಂತೆಲ್ಲ ಚರ್ಚೆ ಮಾಡುವಾಗ ಅವನಿಗೆ ಈ ಪದ ಬೇಕಾಗುತ್ತದೆ. ಅವನು ಕೊಡುವ ಒಂದು ಉದಾಹರಣೆ ನ್ಯಾಯಾಧೀಶನದು. ನ್ಯಾಯಾಧೀಶನ ಮುಂದೆ ಕೊಲೆಗಾರ ನಿಂತಿದ್ದಾನೆ. ಮನುಷ್ಯ ಅಂತಷ್ಟೇ ನೋಡಿದರೆ ಅವನು ಬದುಕಲಿ ಅಂತ ನ್ಯಾಯಾಧೀಶನಿಗೆ ಇದೆ. ಎಲ್ಲವನ್ನೂ ಲೆಕ್ಕಕ್ಕೆ ತಗೊಂಡು ನೋಡಿದಾಗ ಅವನನ್ನು ಗಲ್ಲಿಗೇರಿಸಬೇಕು ಅಂತ ಇದೆ. ಎರಡನೆಯದು ಪೂರ್ತಿ ಇಚ್ಛೆ. ಮೊದಲನೆಯದು ಇಚ್ಛೆ ಅಲ್ಲ, ಆದರೆ ಸುಳ್ಳೂ ಅಲ್ಲ. ಅದಕ್ಕೆ ವೆಲ್ಲೇಯಿತಾಸ್ ಅನ್ನಬಹುದು ಅನ್ನುತ್ತಾನೆ. ಇನ್ನೊಂದು ಕಡೆ, ಶಿಲುಬೆಗೇರುವ ಹಿಂದಿನ ರಾತ್ರಿ ಯೇಸು ಈ ಪಾತ್ರೆ, ಅಂದರೆ ಮುಂದಿರುವ ಈ ಸಂಕಟ, ನನ್ನಿಂದ ತೊಲಗಲಿ ಅಂತ ಪ್ರಾರ್ಥಿಸಿದ್ದನ್ನು ವಿವರಿಸುವಾಗಲೂ ಅವನು ಇದೇ ಪದಕ್ಕೆ ಬರುತ್ತಾನೆ. ಬೇರೆ ಏನೂ ಅಡ್ಡ ಇಲ್ಲದಿದ್ದರೆ ಮನುಷ್ಯ ಇದನ್ನು ಬಯಸುತ್ತಿದ್ದ, ಅದಕ್ಕೇ ಆ ಹೆಸರು ಅನ್ನುತ್ತಾನೆ. ಆಗದ್ದನ್ನು ಬಯಸುವುದಕ್ಕೂ ಅದೇ ಹೆಸರು. ಆಗುವಂತಿದ್ದರೆ ಬಯಸುತ್ತಿದ್ದೆ ಅನ್ನೋ ಆಸೆ.

ಓದಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನ್ಯಾಯಾಧೀಶನ ಆ ಮೊದಲನೇ ಆಸೆ ದುರ್ಬಲವಾ? ಅಲ್ಲ. ಅದು ರಾತ್ರಿ ನಿದ್ದೆ ಕೆಡಿಸಬಲ್ಲದು. ಆದರೂ ಅದು ಕೆಲಸಕ್ಕೆ ಇಳಿಯುವುದಿಲ್ಲ, ಯಾಕೆಂದರೆ ಅದು ಇನ್ನೊಂದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿದಿದೆ. ಲಾಕ್‌ನ ವೆಲೀಯಿಟಿಗೆ ಕಾವಿಲ್ಲ. ಅಕ್ವೈನಸ್‌ನದಕ್ಕೆ ಕಾವಿದೆ, ಜಾಗ ಇಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಎರಡರಲ್ಲೂ ಏನೂ ನಡೆಯುವುದಿಲ್ಲ. ಇವತ್ತಿನ ನಿಘಂಟುಗಳು ಕೊಡುವುದು ಹೆಚ್ಚಾಗಿ ಲಾಕ್‌ನ ಅರ್ಥವನ್ನೇ. ಬಲವಿಲ್ಲದ ಆಸೆ, ಮುಗೀತು. ನನಗೆ ಇದು ನಷ್ಟ ಅನ್ನಿಸುತ್ತದೆ.

ಬೇರೆ ಭಾಷೆಗಳಿಗೆ ಹೋದ ಇದರ ಅಣ್ಣತಮ್ಮಂದಿರ ಕಥೆಯೂ ಅಷ್ಟೇ, ಎಲ್ಲರೂ ಒಂದೊಂದು ಥರ ಕೆಟ್ಟ ಹೆಸರು ತಗೊಂಡಿದ್ದಾರೆ. ಫ್ರೆಂಚ್‌ನಲ್ಲಿ ಏನನ್ನೋ ಮಾಡಬೇಕು ಅಂದುಕೊಂಡು ಮಾಡದೇ ಇರುವ ಆಸಾಮಿಗೇ ಇದರಿಂದ ಒಂದು ಬೈಗುಳ ಹುಟ್ಟಿದೆ. ಇಟಾಲಿಯನ್‌ನಲ್ಲಿ ಕೈಗೆಟುಕದ, ಯೋಗ್ಯತೆ ಮೀರಿದ ಆಸೆ. ಸ್ಪ್ಯಾನಿಷ್‌ನಲ್ಲಿ ಚಂಚಲತೆ.

ಕನ್ನಡದಲ್ಲಿ ಇದಕ್ಕೆ ಏನನ್ನಬಹುದು? ಕೆಲವು ದಿನ ಇದೇ ಗುಂಗಿನಲ್ಲಿದ್ದೆ. ಅರೆಮನಸ್ಸು ಅನ್ನೋಣ ಅಂದರೆ ಅದು ಆಗಲೇ ಬೇರೆ ಕೆಲಸದಲ್ಲಿದೆ. ಅರೆಮನಸ್ಸಿನಿಂದ ಒಪ್ಪಿಕೊಂಡ, ಅರೆಮನಸ್ಸಿನಿಂದ ಹೋದ ಅಂತೀವಿ, ಅಂದರೆ ಅವನು ಹೋಗಿದ್ದಾನೆ. ಒಲ್ಲದ ಮನಸ್ಸಿನಿಂದ ಅನ್ನೋದೂ ಹಾಗೆ, ಮನಸ್ಸಿಲ್ಲದಿದ್ದರೂ ಕೆಲಸ ಮಾತ್ರ ಆಗುತ್ತದೆ. ಆಸೆಯಿಲ್ಲದೆ ಮಾಡಿದ ಕೆಲಸಕ್ಕೆ ನಮ್ಮಲ್ಲಿ ಇಷ್ಟು ಚೆಂದದ ಮಾತುಗಳಿವೆ, ಕೆಲಸವಾಗದ ಆಸೆಗೆ ಒಂದೂ ಇಲ್ಲವಾ? ಪತ್ರಿಕೆಗಳಲ್ಲಿ ರಾಜಕಾರಣಿಗಳಿಗೆ ಇಚ್ಛಾಶಕ್ತಿಯ ಕೊರತೆ ಅಂತ ಬರೆಯುತ್ತಾರಲ್ಲ, ಆ ಪದವನ್ನು ಒಡೆದು, ಶಕ್ತಿಯನ್ನು ಆಚೆ ಇಟ್ಟು, ಇಚ್ಛೆಯನ್ನು ಮಾತ್ರ ಉಳಿಸಿಕೊಂಡೆ. ಇಚ್ಛೆ ಅಂದ ಕೂಡಲೇ ಅದು ಕೊನೆಯ ಇಚ್ಛೆಯ ಥರ ಗಂಭೀರವಾಗಿ ಮುಖ ಮಾಡಿಕೊಂಡು ನಿಂತಿತು. ಅರೆಬಯಕೆ ಅಂತ ಒಂದು ಬರೆದೆ, ಹೊಡೆದು ಹಾಕಿದೆ.

ಆಮೇಲೆ ಹೊಳೆಯಿತು, ನಾನು ನಾಮಪದ ಹುಡುಕುತ್ತಿದ್ದೆ. ಕನ್ನಡ ಈ ಕೆಲಸವನ್ನು ನಾಮಪದದಲ್ಲಿ ಮಾಡಿಯೇ ಇಲ್ಲ. ವಿಭಕ್ತಿಯಲ್ಲಿ ಮಾಡಿದೆ.

'ನಾನು ಈಜು ಕಲಿಯಬೇಕು' ಅಂತ ಒಂದು ವಾಕ್ಯ. 'ನನಗೆ ಈಜು ಕಲಿಯಬೇಕು ಅಂತ ಇದೆ' ಅಂತ ಇನ್ನೊಂದು. ಮೊದಲನೆಯದು ತೀರ್ಮಾನ ಇರಬಹುದು, ಕರ್ತವ್ಯ ಇರಬಹುದು, ಡಾಕ್ಟರು ಹೇಳಿರಬಹುದು. ಅದರಲ್ಲಿ 'ನಾನು' ಮುಂದೆ ನಿಂತಿದ್ದೇನೆ, ಕಲಿಯದಿದ್ದರೆ ಕೇಳುವವರು ನನ್ನನ್ನೇ ಕೇಳುತ್ತಾರೆ. ಎರಡನೆಯದರಲ್ಲಿ ನಾನು ಏನೂ ಮಾಡುತ್ತಿಲ್ಲ. 'ನನಗೆ' ಅಂತ ಪಕ್ಕದಲ್ಲಿ ಕೂತಿದ್ದೇನೆ, ಚಳಿಯಾಗುವ ಹಾಗೆ, ಹಸಿವಾಗುವ ಹಾಗೆ, ಆಸೆ ಬಂದು ನನ್ನ ಮೇಲೆ ಕೂತಿದೆ. ಕ್ರಿಯಾಪದವೂ ನನ್ನದಲ್ಲ, 'ಇದೆ' ಅಂತ ಅದರ ಪಾಡಿಗೆ ಅದು ಇದೆ. ಇಂಗ್ಲಿಷ್‌ನವರ ಬಯಕೆಯಲ್ಲಿ 'ನಾನು' ಯಾವಾಗಲೂ ಕರ್ತೃ. ಅಷ್ಟೇ ಅಲ್ಲ, ಬಯಸು ಅನ್ನೋ ಅರ್ಥದ 'ವಿಲ್' ಅನ್ನೇ ಅವರು ಸವೆಸಿ ಸವೆಸಿ ಭವಿಷ್ಯತ್ ಕಾಲಕ್ಕೆ ಹಾಕಿಕೊಂಡಿದ್ದಾರೆ. ಬಯಸಿದೆ ಅಂದರೆ ಮಾಡಿಯೇ ತೀರುತ್ತೇನೆ ಅನ್ನೋ ಹಾಗೆ. ಅಂಥ ಭಾಷೆಗೆ ಮಾಡದೇ ಇರುವ ಆಸೆಗೊಂದು ಬೇರೆ ಪದವನ್ನು ಲ್ಯಾಟಿನ್‌ನಿಂದ ತರಿಸಿಕೊಳ್ಳಬೇಕಾಗಿ ಬಂದದ್ದರಲ್ಲಿ ಆಶ್ಚರ್ಯ ಇಲ್ಲ ಅಂತ ನನ್ನ ಊಹೆ. ಊಹೆ ಅಷ್ಟೇ, ಯಾರೂ ಇದನ್ನು ಹಿಡಿದು ಜಗಳಕ್ಕೆ ಬರಬೇಡಿ.

ಇನ್ನೂ ಇದೆ. ಆ 'ಇದೆ'ಯನ್ನು 'ಇತ್ತು' ಮಾಡಿ ನೋಡಿ. 'ನನಗೆ ಈಜು ಕಲಿಯಬೇಕು ಅಂತ ಇತ್ತು.' ಒಂದೇ ಅಕ್ಷರ ಬದಲಾಗಿ ಬಾಗಿಲು ಮುಚ್ಚಿಕೊಂಡಿತು. 'ಕಲಿಯಬೇಕು ಅಂದುಕೊಂಡಿದ್ದೆ' ಅಂದರೆ ನನಗೆ ನಾನೇ ಹೇಳಿಕೊಂಡಿದ್ದೆ ಅಂತ, ಬೇರೆ ಯಾರಿಗೂ ಮಾತು ಕೊಟ್ಟಿರಲಿಲ್ಲ. 'ಕಲಿಯಬಹುದಿತ್ತು' ಅಂದರೆ ಅವಕಾಶ ಇತ್ತು, ತಪ್ಪು ನನ್ನದೇ. ಮತ್ತೆ 'ಕಲಿಯಬೇಕಿತ್ತು'. ಇದರಲ್ಲಿ ಪಶ್ಚಾತ್ತಾಪದ ಒಗರು ಬೇರೆ. ಲಾಕ್‌ಗೂ ಅಕ್ವೈನಸ್‌ಗೂ ಒಂದೇ ಪದ ಸಾಲದೆ ಹೋದ ಕಡೆ ನಾವು ಬಾಲ ಬದಲಿಸುತ್ತಾ ನಾಲ್ಕು ಥರ ಹೇಳಿಬಿಡುತ್ತೇವೆ, ಹೇಳುತ್ತಿದ್ದೇವೆ ಅಂತ ಗೊತ್ತೂ ಆಗುವುದಿಲ್ಲ.

ಗೆಳೆಯನಿಗೆ ಫೋನ್ ಮಾಡಿದೆ. "ಈಜು ಕಲೀಬೇಕು ಅಂತಿತ್ತು ಕಣೋ, ಈಗಿಲ್ಲ" ಅಂದೆ. ಅವನು ನಕ್ಕ. "ಯಾವಾಗಿತ್ತು?" ಅಂದ. ಅದೂ ಸರಿಯೇ. ಪಟ್ಟಿಯಿಂದ ಈಜು ತೆಗೆದೆ, ಎಡಗೈ ತೆಗೆದೆ, ರಷ್ಯನ್ ತೆಗೆದೆ. ನಕ್ಷತ್ರವನ್ನು ಇಟ್ಟುಕೊಂಡಿದ್ದೇನೆ.

ಈ 'ಅಂತಿತ್ತು' ಅನ್ನೋ ಮಾತನ್ನು ಫೋನ್ ಇಡುವ ಹೊತ್ತಿಗೆ ಇನ್ನೊಂದು ದನಿಯಲ್ಲಿ ಕೇಳಿದ ಹಾಗಾಯಿತು. ಅಮ್ಮನ ದನಿ. "ನಂಗೂ ಮುಂದೆ ಓದ್ಬೇಕು ಅಂತಿತ್ತು." ನಾನು ಚಿಕ್ಕವನಿದ್ದಾಗಿನಿಂದ ಅವಳು ಇದನ್ನು ಹೇಳುತ್ತಾ ಬಂದಿದ್ದಾಳೆ. ವರ್ಷಕ್ಕೆ ಒಂದೆರಡು ಸಲ, ಅದೂ ಬೇರೆ ಮಾತಿನ ನಡುವೆ, ನಮ್ಮಲ್ಲಿ ಯಾರದಾದರೂ ಪರೀಕ್ಷೆಯ ಫಲಿತಾಂಶ ಬಂದಾಗ, ಹೊಸ ಪುಸ್ತಕಕ್ಕೆ ರಟ್ಟು ಹಾಕುವಾಗ. ದೂರಿನ ದನಿ ಇರುತ್ತಿರಲಿಲ್ಲ. ಹಾಗಾಗಿ ನಾವು ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರಿಗೂ ಏನೋ ಒಂದು ಅಂತಿರುತ್ತದೆ ಅಲ್ವಾ ಅಂದುಕೊಂಡಿದ್ದೆ, ನನ್ನ ಈಜಿನ ಹಾಗೆ. ಅವಳ ತಂದೆ ತೀರಿಕೊಂಡಾಗ ಅವಳಿಗೆ ಹದಿನೇಳು, ಕೆಳಗೆ ಮೂವರು ತಮ್ಮ ತಂಗಿಯರು. ಇದು ನನಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಆ ಎರಡು ವಿಷಯಗಳನ್ನು ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ.

ಆ ರಾತ್ರಿ ಊಟ ಆದ ಮೇಲೆ ಅವಳ ಪಕ್ಕ ಕೂತು ಕೇಳಿದೆ. "ಅಮ್ಮಾ, ಓದ್ಬೇಕು ಅಂತಿತ್ತು ಅಂತೀಯಲ್ಲ, ಏನು ಓದ್ಬೇಕು ಅಂತಿತ್ತು?"

"ಗಣಿತ" ಅಂದಳು. ನನ್ನ ಪ್ರಶ್ನೆ ಪೂರ್ತಿ ಮುಗಿದೂ ಇರಲಿಲ್ಲ. ಆಮೇಲೆ ಬೆರಳಿನಿಂದ ಟೇಬಲ್ ಮೇಲೆ ಒಂದು ವೃತ್ತ ಬರೆದು, ಅದರ ಹೊರಗೆ ಒಂದು ಚುಕ್ಕಿ ಇಟ್ಟು, ಅಲ್ಲಿಂದ ವೃತ್ತಕ್ಕೆ ತಾಗುವ ಹಾಗೆ ಎರಡು ಗೆರೆ ಎಳೆದಳು. "ಇವೆರಡೂ ಒಂದೇ ಉದ್ದ ಇರ್ತಾವೆ. ಯಾಕೆ ಅಂತ ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ.

"ಪೆನ್ನು ಕೊಡು" ಅಂದಳು.